ಸೋರದಿದ್ದರೆ ಗಟ್ಟಿಯೇ?

ದೇವರ ಹಿಪ್ಪರಗಿ ಸೀಮೆಯಲ್ಲಿ ಜೋಳ ಹಾಲುಗಾಳಿಗೆ ಬಂತೆಂದರೆ ಹಕ್ಕಿ ಕಾಯುವ ಕೆಲಸ ಶುರು. ಹೊಲದ ಬದುವಿನಲ್ಲಿ ಪಿವಿಸಿ ಪೈಪಿನ ತುಂಡು ಬಿದ್ದಿರುವಾಗ ಅದಕ್ಕೆ ಗಾಳಿ ತುಂಬಿ ತೋಪು ಮಾಡುವ ಆಸೆ ಹುಟ್ಟುವುದೂ ಸಹಜವೇ. ಕೂಡಿಕೆಯಲ್ಲಿ ಗಾಳಿ ಸುಯ್‌ಗುಟ್ಟಿದರೆ ಸುತ್ತಲೂ ಎಂ-ಸೀಲ್ ಎಂಬ ಎಪಾಕ್ಸಿ ಮೆತ್ತಿ, "ಈಗ ನಿಂತಿತು" ಎನ್ನುತ್ತೇವೆ. ನಿಂತದ್ದು ಏನು?

ಸೋರಿಕೆ ನಿಂತಿತು, ಅಷ್ಟೆ. ಪೈಪಿಗೆ ಹಚ್ಚುವ ಸೊಲ್ಯೂಶನ್ ಪ್ಲಾಸ್ಟಿಕ್ಕನ್ನೇ ಕರಗಿಸಿ ಎರಡು ಮೈಗಳನ್ನು ಒಂದು ಮಾಡುತ್ತದೆ. ಎಪಾಕ್ಸಿ ನುಣುಪು ಮೈಯನ್ನು ಹೊರಗಿನಿಂದ ಹಿಡಿದುಕೊಂಡಿರುತ್ತದೆ. ಬಿಸಿಲಿಗೆ ಪೈಪು ಹಿಗ್ಗಿ ಕುಗ್ಗಿದಂತೆಲ್ಲ ಅಂಚು ಬಿಡುತ್ತ ಬರುತ್ತದೆ. 110 ಮಿ.ಮೀ. ಪೈಪಿನ ಮುಚ್ಚಳದ ವಿಸ್ತೀರ್ಣ ಸುಮಾರು 95 ಚದರ ಸೆಂ.ಮೀ. ಒಂದೊಂದು ಚದರ ಸೆಂ.ಮೀ. ಮೇಲೆ 6 ಕೆ.ಜಿ. ಒತ್ತಡ ಬಿದ್ದರೆ ಮುಚ್ಚಳವನ್ನು ತಳ್ಳುವ ಬಲ 570 ಕೆ.ಜಿ., ಐದು ಚೀಲ ಜೋಳಕ್ಕೂ ಮಿಕ್ಕ ಭಾರ. ಅದನ್ನು ತಡೆದಿರುವುದು ಬೆರಳಲ್ಲಿ ನಾದಿದ ಮುದ್ದೆ!

ಪೈಪಿನ ಮೇಲೇ 6 ಕೆ.ಜಿ. ಎಂದು ಅಚ್ಚಾಗಿದೆಯಲ್ಲ ಎನ್ನಬಹುದು. ಆ ಲೆಕ್ಕ ನೀರಿನದು, ಅದೂ 27 ಡಿಗ್ರಿ ತಾಪಮಾನದ್ದು. ನಮ್ಮ ಬೇಸಿಗೆ ಅದನ್ನು ಕೇಳುವುದಿಲ್ಲ. ನೀರು ಅದುಮಿದರೆ ಕುಗ್ಗುವುದಿಲ್ಲವೆಂದೇ ಹೇಳಬೇಕು; ಪೈಪು ಸೀಳಿದ ಕ್ಷಣವೇ ಒತ್ತಡ ಇಳಿಯುತ್ತದೆ, ಕಾಲು ನೆನೆಯುತ್ತದೆ. ಗಾಳಿ ಅದುಮಿಸಿಕೊಂಡು ಕೂತಿರುತ್ತದೆ. ಪೈಪು ಸೀಳಿದಾಗ ಒಮ್ಮೆಲೇ ಹೊರನುಗ್ಗಿ ಪ್ಲಾಸ್ಟಿಕ್ಕನ್ನು ಚೂರುಚೂರಾಗಿ ಎಸೆಯುತ್ತದೆ. ಅಮೆರಿಕದ ಕಾರ್ಮಿಕ ಸುರಕ್ಷತಾ ಇಲಾಖೆ ನೆಲದ ಮೇಲಿನ ಪಿವಿಸಿ ಪೈಪಿನಲ್ಲಿ ಒತ್ತಡದ ಗಾಳಿ ಹಾಯಿಸಬೇಡಿ ಎಂದು 1988ರಲ್ಲೇ ಎಚ್ಚರಿಸಿತ್ತು. 2025ರ ದೀಪಾವಳಿಯಲ್ಲಿ ಮಧ್ಯಪ್ರದೇಶದ ನೂರಕ್ಕೂ ಹೆಚ್ಚು ಮಂದಿಯ, ಬಹುಪಾಲು ಮಕ್ಕಳ, ಕಣ್ಣಿಗೆ ಗಾಯವಾದದ್ದು ಗಾಳಿಯ ತೋಪಿನಿಂದಲ್ಲ, ಪೈಪಿನೊಳಗೆ ಅನಿಲ ಹೊತ್ತಿಸುವ ಕಾರ್ಬೈಡ್ ಗನ್ನಿನಿಂದ. ಅನಿಲ ಬೇರೆಯಾದರೂ ಬಿಗಿದ ಪೈಪಿನ ಮೇಲಿಟ್ಟ ನಂಬಿಕೆ ಒಂದೇ.

ಹಾಗೆಂದು ನಮ್ಮ ರೈತರ ಕೈಚಳಕವನ್ನು ಹಳಿಯಲಾರೆ. ಮಾಡಿ ನೋಡಿ ಕಲಿಯುವುದರಿಂದಲೇ ಬಾವಿಯ ಪಂಪು, ಹನಿ ನೀರಾವರಿ ಎಲ್ಲ ನಡೆದಿವೆ. ಆ ವಿದ್ಯೆ ಫಲಿಸುವುದು ತಪ್ಪು ಮೊದಲೇ ಸುಳಿವು ಕೊಡುವಲ್ಲಿ. ಸೋರಿಕೆಯೇ ಆ ಸುಳಿವು. ಎಪಾಕ್ಸಿ ಮೆತ್ತಿದವನು ಮುಚ್ಚಿದ್ದು ಅದರ ಬಾಯಿ. "ಹತ್ತು ಸಲ ಹೊಡೆದೆವು, ಏನೂ ಆಗಲಿಲ್ಲ" ಎಂಬ ಸಾಕ್ಷಿಯಂತೂ ತಲೆಕೆಳಗು. ಪ್ರತಿ ಸಲ ಗಾಳಿ ತುಂಬಿ ಬಿಟ್ಟಾಗಲೂ ಪೈಪು ದಣಿಯುತ್ತದೆ, ಬಿಸಿಲಲ್ಲಿ ಇನ್ನಷ್ಟು ಪೆಡಸಾಗುತ್ತದೆ. ಹನ್ನೊಂದನೆಯ ಸಲ ಕೈಯಲ್ಲಿರುವುದು ಮೊದಲಿನ ಪೈಪಲ್ಲ.

ವಿಜಯಪುರದ ಮಲಿಕ್-ಎ-ಮೈದಾನ್ ತೋಪು 1549ರ ಎರಕ, ಸುಮಾರು 55 ಟನ್ ಲೋಹ. ಅಂಥದ್ದಕ್ಕೂ ಬತ್ತಿ ಹಚ್ಚಿದವನು ಪಕ್ಕದ ನೀರಿನ ತೊಟ್ಟಿಗೆ ಇಳಿಯುತ್ತಿದ್ದನೆಂದು ಊರವರು ಹೇಳುತ್ತಾರೆ. ಕಥೆಯಿದ್ದರೂ ಇರಲಿ, ಅದನ್ನು ಹೇಳಿದವರಿಗೆ ತೋಪಿನ ಸ್ವಭಾವ ಗೊತ್ತಿತ್ತು.

ಇನ್ನು ಹಕ್ಕಿಗಳು. ಅವು ಎಂಥ ತೋಪಿನ ಸದ್ದಿಗೂ ಕೆಲವೇ ದಿನಗಳಲ್ಲಿ ಒಗ್ಗಿಕೊಳ್ಳುತ್ತವೆ. ಸದ್ದನ್ನೂ ಜಾಗವನ್ನೂ ಬದಲಿಸುತ್ತಿರಬೇಕು. ಅದಕ್ಕೆ ತಗಡಿನ ಡಬ್ಬ, ಮಿನುಗುವ ಟೇಪು ಆದೀತು.