ಮಕ್ಕಳ ಕತೆಗೆ ಕೆಂಪು ಶಾಯಿ ಬೇಡ



1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ‘ನಲಿ-ಕಲಿ’ ಎಂಬ ಚಟುವಟಿಕೆ ಆಧಾರಿತ ಕಲಿಕಾ ಪದ್ಧತಿ ಮಕ್ಕಳಿಗೆ ಬಾಯಿಪಾಠದಿಂದ ಬಿಡುಗಡೆ ಕೊಟ್ಟಿತು. ಆದರೂ ಕತೆ ಬರೆಸುವುದೆಂದರೆ ಎಷ್ಟೋ ಕಡೆ ಇಂದಿಗೂ ಆಮೆ-ಮೊಲದ ಕತೆಯನ್ನು ಬೋರ್ಡಿನಿಂದ ನಕಲು ಮಾಡಿಸುವುದೇ. ಮಗು ಮೊದಲು ಬಾಯಲ್ಲಿ ಹೇಳಲಿ, ಚಿತ್ರ ಬಿಡಿಸಲಿ. ಬರೆಯಲು ಬಾರದಿದ್ದರೆ ಅದರ ಮಾತನ್ನು ಟೀಚರೇ ಬರೆದುಕೊಡಲಿ. ನನ್ನ ಎರಡನೇ ತರಗತಿಯ ಹುಡುಗಿಯೊಬ್ಬಳು ‘ನಮ್ಮ ಆಡು ಅಜ್ಜಿ ಕನ್ನಡಕ ತಿಂತು, ಅದಕ್ಕೀಗ ಹುಲ್ಲು ದೊಡ್ಡದಾಗಿ ಕಾಣುತ್ತೆ’ ಎಂದು ಬರೆದಿದ್ದಳು. ಒತ್ತಕ್ಷರಗಳು ತಪ್ಪಿದ್ದವು, ಕತೆ ಅಪ್ಪಟ ಅವಳದೇ. ಕಾಗುಣಿತ ತಿದ್ದಲು ಬೇರೆ ಪಿರಿಯಡ್ ಇದ್ದೇ ಇದೆ. ಬರೆದದ್ದನ್ನು ಎಲ್ಲರೆದುರು ಓದಿಸಿ ಗೋಡೆ ಪತ್ರಿಕೆಗೆ ಅಂಟಿಸಿದರೆ ಸಾಕು, ಮಕ್ಕಳು ತಾವಾಗಿಯೇ ಇನ್ನೊಂದು ಹಾಳೆ ಕೇಳುತ್ತಾರೆ. ಶಿಕ್ಷಣ ಇಲಾಖೆ ಒಂದರಿಂದ ಮೂರನೇ ತರಗತಿವರೆಗೆ ವಾರಕ್ಕೊಂದು ಕತೆಯ ಪಿರಿಯಡ್ ಕಡ್ಡಾಯ ಮಾಡಲಿ, ಅದಕ್ಕೆ ಅಂಕ ಮಾತ್ರ ಇಡದಿರಲಿ.

– ಪ್ರಾಥಮಿಕ ಶಾಲಾ ಶಿಕ್ಷಕಿ, ಮೈಸೂರು