ಗೋಡೆಯ ಸ್ವಿಚ್ಚು ಭಾಷೆ ಕೇಳಿರಲಿಲ್ಲ

ಸ್ಮಾರ್ಟ್ ಮನೆ ಮಾಡಿಕೊಳ್ಳಲು ಎಲ್ಲಿಂದ ಶುರು ಮಾಡಬೇಕು ಎಂದು ಯಾರನ್ನೇ ಕೇಳಿ, ಉತ್ತರ ಸಿದ್ಧವಾಗಿರುತ್ತದೆ: ಮಾತಾಡುವ ಸ್ಪೀಕರ್ ಕೊಳ್ಳಿ, ಅದಕ್ಕೆ ಹೊಂದುವ ಬಲ್ಬು ಹಾಕಿ, ಆ್ಯಪ್‌ನಲ್ಲಿ ಖಾತೆ ತೆರೆಯಿರಿ. ಈ ಉತ್ತರವೇ ತಪ್ಪು. ಹೀಗೆ ಶುರು ಮಾಡಿದವರು ತಮ್ಮ ಮನೆಯ ಸ್ವಿಚ್ಚನ್ನು ದೂರದ ಕಂಪನಿಗೆ ಬಾಡಿಗೆಗೆ ಕೊಟ್ಟು, ಬಾಡಿಗೆಯನ್ನೂ ತಾವೇ ಕಟ್ಟುತ್ತಾರೆ.

ಸ್ಪೀಕರಿಗೆ ಹೇಳಿದ ಮಾತು ಸಾಮಾನ್ಯವಾಗಿ ಕಂಪನಿಯ ಸರ್ವರಿಗೆ ಹೋಗುತ್ತದೆ. ಅಲ್ಲಿಂದ ಎಷ್ಟೋ ಸಲ ಬಲ್ಬು ಮಾಡಿದವರ ಸರ್ವರಿಗೂ ಹೋಗಿ, ಆರಡಿ ಆಚೆಯ ಬಲ್ಬಿಗೆ ವಾಪಸು ಬರುತ್ತದೆ. ನಡುವೆ ಒಂದು ಕೊಂಡಿ ಕಳಚಿದರೂ ಕತ್ತಲೆ. 300 ಡಾಲರ್ ಕೊಟ್ಟು ರಿವಾಲ್ವ್ ಎಂಬ ಪೆಟ್ಟಿಗೆ ಕೊಂಡವರ ಪಾಡು ನೋಡಿ. ಆ ಕಂಪನಿಯನ್ನು 2014ರಲ್ಲಿ ಕೊಂಡ ನೆಸ್ಟ್, 2016ರ ಮೇನಲ್ಲಿ ಅದರ ಸರ್ವರ್ ನಿಲ್ಲಿಸಿತು. ಕೆಡದ ಪೆಟ್ಟಿಗೆ ಕಲ್ಲಾಯಿತು. 2022ರ ಏಪ್ರಿಲ್‌ನಲ್ಲಿ ಇನ್‌ಸ್ಟಿಯಾನ್ ಸರ್ವರುಗಳು ಗಿರಾಕಿಗಳಿಗೆ ಒಂದು ಮಾತೂ ಹೇಳದೆ ಮೌನವಾದವು. ದನಿಮುದ್ರಣ ಮನೆಯಿಂದಾಚೆ ಹೋಗದಂತೆ ತಡೆಯುವ ಆಯ್ಕೆ ಕೆಲವು ಎಕೋ ಸ್ಪೀಕರುಗಳಲ್ಲಿತ್ತು. 2025ರ ಮಾರ್ಚ್‌ನಲ್ಲಿ ಅಮೆಜಾನ್ ಅದನ್ನೂ ಕಿತ್ತುಹಾಕಿತು.

ಮೊಣಕಾಲು ನೋವಿನ ಅಜ್ಜಿಗೆ ಇದರಿಂದ ಅನುಕೂಲವಲ್ಲವೇ ಅನ್ನುವವರಿದ್ದಾರೆ. ಹೌದು, ಅಜ್ಜಿಗಿಂತ ಹೆಚ್ಚಾಗಿ ಇದು ಬೇಕಾದವರಿಲ್ಲ. ಆದರೆ ಅಜ್ಜಿ ಯಾವ ಭಾಷೆಯಲ್ಲಿ ಕೇಳಬೇಕು? ಅಲೆಕ್ಸಾ ಭಾರತಕ್ಕೆ ಇಂಗ್ಲಿಷಿನಲ್ಲಿ ಬಂತು, 2019ರಲ್ಲಿ ಹಿಂದಿ ಕಲಿಯಿತು. ಕನ್ನಡದ ಸರದಿ ಬಂದಿಲ್ಲ. ಬದುಕಿಡೀ ಕನ್ನಡವನ್ನೇ ಆಡಿದ ಮನೆಯಲ್ಲಿ ಫ್ಯಾನ್ ಹಾಕಿಸಿಕೊಳ್ಳಲು ಅಜ್ಜಿ ಮೊಮ್ಮಗನನ್ನು ಕೂಗಬೇಕು. ಗೋಡೆಯ ಹಳೇ ಸ್ವಿಚ್ಚು ಅವರ ಭಾಷೆ ಕೇಳಿರಲಿಲ್ಲ.

ಬೇರೆ ದಾರಿ ಇದೆ. 2013ರಲ್ಲಿ ಪೌಲಸ್ ಸ್ಖೌಟ್ಸೆನ್ ಶುರುಮಾಡಿದ ಹೋಮ್ ಅಸಿಸ್ಟೆಂಟ್ ಉಚಿತ, ಮುಕ್ತ ತಂತ್ರಾಂಶ. ರಾಸ್ಪ್‌ಬೆರಿ ಪೈನಂಥ ಅಂಗೈಯಗಲದ ಕಂಪ್ಯೂಟರಿನಲ್ಲಿ, ನಿಮ್ಮ ಮನೆಯೊಳಗೇ ನಡೆಯುತ್ತದೆ. ಜಿಗ್‌ಬೀ ಸಾಧನಗಳನ್ನು ಅದಕ್ಕೆ ಜೋಡಿಸಿದರೆ ಇಂಟರ್ನೆಟ್ ಹೋದರೂ ದೀಪ ಉರಿಯುತ್ತದೆ. ಸ್ವಿಚ್ಚಿನ ಹಿಂದೆ ರಿಲೇ ಹಾಕಿಸಿದರೆ ಅಜ್ಜಿ ಮೊದಲಿನಂತೆ ಸ್ವಿಚ್ಚನ್ನೇ ಒತ್ತಬಹುದು. ಕಷ್ಟವಿಲ್ಲವೆಂದಲ್ಲ, ಒಂದೆರಡು ಭಾನುವಾರ ಹೋಗುತ್ತವೆ, ಮತ್ತು ಕನ್ನಡದ ದನಿಯನ್ನು ಅಕ್ಷರವಾಗಿಸುವುದು ಯಂತ್ರಕ್ಕೆ ಇನ್ನೂ ಸಲೀಸಲ್ಲ.

ಆದರೆ ಅದು ಯಾವ ವಾಕ್ಯಕ್ಕೆ ಓಗೊಡಬೇಕೆಂಬ ಪಟ್ಟಿ ಎಲ್ಲರಿಗೂ ತೆರೆದಿದೆ. ಅಲ್ಲಿ ಬೇಕಾಗಿರುವುದು ಎಂಜಿನಿಯರಿಗಿಂತ ಕಿವಿಯುಳ್ಳವರು. ಒಬ್ಬರು ‘ಲೈಟ್ ಹಾಕು’ ಅನ್ನುತ್ತಾರೆ, ಧಾರವಾಡದ ಕಡೆಯವರು ‘ಲೈಟ್ ಹಚ್ಚು’ ಅನ್ನುತ್ತಾರೆ, ಇನ್ನೊಬ್ಬರು ‘ದೀಪ ಆರಿಸು’ ಅಂದರೆ ಮತ್ತೊಬ್ಬರು ‘ಬಂದ್ ಮಾಡು’ ಅನ್ನುತ್ತಾರೆ. ಇದನ್ನು ಬಲ್ಲವರು ಕನ್ನಡದ ವಿದ್ಯಾರ್ಥಿಗಳು. ಭಾಷೆ ಉಳಿಯಬೇಕೆಂದು ನವೆಂಬರಿನಲ್ಲಿ ಭಾಷಣ ಕೇಳುವ ಬದಲು ಹತ್ತು ವಾಕ್ಯ ಸೇರಿಸಿದರೆ ಒಂದು ಅಡುಗೆಮನೆಗಾದರೂ ಉಪಯೋಗ.

ಕೊಳ್ಳುವ ಮೊದಲು ಅಂಗಡಿಯವರಿಗೆ ಒಂದೇ ಪ್ರಶ್ನೆ ಹಾಕಿ: ಇಂಟರ್ನೆಟ್ ಹೋದಾಗ ಇದು ಕೆಲಸ ಮಾಡುತ್ತದೆಯೇ? ಇಲ್ಲ ಅಂದರೆ ಅಲ್ಲೇ ಬಿಟ್ಟು ಬನ್ನಿ.