ರಾತ್ರಿ ಹತ್ತರ ಮೆಸೇಜಿಗೆ ಸಂಬಳ ಯಾರು ಕೊಡ್ತಾರೆ?

1/7
"ಕೆಲಸ ಮುಗಿಸಿ ಮನೆಗೆ ಬಂದ್ರೂ ಫೋನ್ ಕೆಳಗಿಡಲ್ಲ, ಹಾಳಾಗೋದ್ರು." ಕಲ್ಯದಲ್ಲೂ ಇದೇ ಮಾತು, ಮಾಗಡಿ ಬಸ್‌ಸ್ಟ್ಯಾಂಡಲ್ಲೂ ಇದೇ ಮಾತು. ಹೇಳೋರಿಗೆ ಒಂದು ಪ್ರಶ್ನೆ: ಆ ಫೋನಲ್ಲಿ ಏನು ನಡೀತಿದೆ ಅಂತ ಇಣುಕಿ ನೋಡಿದ್ದೀರಾ? ರೀಲ್ಸ್ ನೋಡಿ ನಕ್ಕರೆ ಬೈತೀರಿ. ಅದೇ ಫೋನಲ್ಲಿ ಆಫೀಸ್ ಗ್ರೂಪಿಗೆ "ಓಕೆ ಸರ್" ಅಂತ ಬರೀತಿದ್ರೆ "ಪಾಪ, ಕೆಲಸ ಇದೆ" ಅಂತ ಸುಮ್ಮನಾಗ್ತೀರಿ. ನನ್ನ ಜಗಳ ಇರೋದು ಈ ಎರಡನೇದರ ಜೊತೆ.

2/7
ಲೆಕ್ಕ ಹಾಕೋಣ. ನಮ್ಮ ಕಡೆಯಿಂದ ದಿನಾ ಬೆಂಗಳೂರಿಗೆ ಹೋಗಿ ಬರೋರನ್ನ ತಗೊಳ್ಳಿ. ತಾವರೆಕೆರೆ ದಾಟಿ, ಸುಂಕದಕಟ್ಟೆ ಟ್ರಾಫಿಕ್ಕಲ್ಲಿ ನಿಂತು ಆಫೀಸ್ ಸೇರೋಕೆ ಎರಡು ಗಂಟೆ, ವಾಪಸ್ ಎರಡು ಗಂಟೆ ಅಂತ ಹಿಡೀರಿ. ಆಫೀಸಲ್ಲಿ 9. ಅಲ್ಲಿಗೆ 13 ಆಯ್ತು. ನಿದ್ದೆಗೆ 7. ಉಳಿದಿದ್ದು 4. ಸ್ನಾನ, ತಿಂಡಿ, ಊಟ, ಮನೆಕೆಲಸ ಎಲ್ಲಾ ಇದರೊಳಗೇ. ಹೆಣ್ಣುಮಕ್ಕಳಾದ್ರೆ ಪಾತ್ರೆ, ಅಡುಗೆನೂ ಸೇರಿಸ್ಕೊಳ್ಳಿ. ಗೆಳತಿ ಮನೆ ಜಗಲಿ ಮೇಲೆ ಕೂತು ಹರಟೋ ಟೈಮ್ ಎಲ್ಲಿದೆ? ಒಂದು ಕೈಲಿ ಬಸ್ಸಿನ ಕಂಬಿ ಹಿಡ್ಕೊಂಡು, ಇನ್ನೊಂದು ಕೈಲಿ ನೋಡೋ ಸ್ಟೋರಿನೇ ಅವರ ಜಗಲಿ. ಊರ ಹಬ್ಬದ ಫೋಟೋ ಸಿಗೋದು ಅಲ್ಲೇ, ಗೆಳತಿಗೆ ಮಗು ಆಗಿದ್ದು ಗೊತ್ತಾಗೋದೂ ಅಲ್ಲೇ. ಅದನ್ನೂ ಬಿಡಿ ಅಂದ್ರೆ ಉಳಿಯೋದು ಆಫೀಸು, ನಿದ್ದೆ ಎರಡೇ.

3/7
ಇದು ನಮ್ಮ ಕಥೆ ಮಾತ್ರ ಅಲ್ಲ. 2008-09ರ ಸುಮಾರಿಗೆ ಚೀನಾದ ದೊಡ್ಡ ನಗರಗಳ ಆಫೀಸ್ ನೌಕರರು ಕೈಶಿನ್ ಅನ್ನೋ ಸೈಟಿಗೆ ಮುಗಿಬಿದ್ರು. ಕೈಶಿನ್ ಅಂದ್ರೆ ಖುಷಿ. ಅಲ್ಲಿ ಪರದೆ ಮೇಲೆ ತರಕಾರಿ ಬೆಳೆಯೋದು, ಪಕ್ಕದ ಕುರ್ಚಿಯವನ ತೋಟದಿಂದ ಕದಿಯೋದು, ಅದೇ ಆಟ. ಹುಡುಗಾಟ ಅನ್ಸುತ್ತೆ. ಆದ್ರೆ 2019ರ ಮಾರ್ಚಲ್ಲಿ ಅಲ್ಲಿನ ಸಾಫ್ಟ್‌ವೇರ್ ನೌಕರರು ಗಿಟ್‌ಹಬ್‌ನಲ್ಲಿ "996.ಐಸಿಯು" ಅಂತ ಒಂದು ಪುಟ ತೆರೆದ್ರು. ಬೆಳಗ್ಗೆ 9ರಿಂದ ರಾತ್ರಿ 9, ವಾರಕ್ಕೆ 6 ದಿನ, ಕೊನೆಗೆ ಐಸಿಯು. ಹಾಗೆ ದುಡಿಸೋ ಕಂಪನಿಗಳ ಪಟ್ಟಿನೂ ಹಾಕಿದ್ರು. 2021ರ ಆಗಸ್ಟಲ್ಲಿ ಚೀನಾದ ಸುಪ್ರೀಂ ಕೋರ್ಟೇ 996 ಕಾನೂನುಬಾಹಿರ ಅಂತ ಹೇಳ್ತು. ಸುಸ್ತಾದ ಜನ ನಗೋದೂ ನೆಟ್ಟಲ್ಲೇ, ದೂರು ಹೇಳ್ಕೊಳ್ಳೋದೂ ನೆಟ್ಟಲ್ಲೇ.

4/7
ಈಗ ಆಫೀಸ್ ಗ್ರೂಪಿಗೆ ಬನ್ನಿ. ಕರ್ನಾಟಕದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ 1961ರದ್ದು. ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ ಮಿತಿ. ಅದಕ್ಕಿಂತ ಹೆಚ್ಚು ದುಡಿಸಿದ್ರೆ ಎರಡರಷ್ಟು ಸಂಬಳ. ರಾತ್ರಿ ಹತ್ತಕ್ಕೆ "ಆ ಶೀಟ್ ಒಂಚೂರು ಕಳ್ಸಿ" ಅಂತ ಬರೋ ಮೆಸೇಜು ಯಾವ ಗಂಟೆಯ ಲೆಕ್ಕಕ್ಕೆ ಬರುತ್ತೆ? ಬಿಕಾಂ ಮೊದಲನೇ ವರ್ಷದಲ್ಲೇ ಕಲಿಸ್ತಾರೆ: ದುಡಿಸ್ಕೊಂಡು ಇನ್ನೂ ಕೊಡದ ಸಂಬಳ ಔಟ್‌ಸ್ಟ್ಯಾಂಡಿಂಗ್ ಸ್ಯಾಲರಿ. ಅದು ಕಂಪನಿಯ ಸಾಲ, ಬ್ಯಾಲೆನ್ಸ್ ಶೀಟಲ್ಲಿ ತೋರಿಸ್ಲೇಬೇಕು. ಪರೀಕ್ಷೇಲಿ ನಾವು ಬಿಟ್ರೆ ಮಾರ್ಕ್ಸ್ ಕಟ್. ಕಂಪನಿ ಬಿಟ್ರೆ ಅದಕ್ಕೆ "ಡೆಡಿಕೇಷನ್" ಅಂತ ಹೆಸರು!

5/7
"ಮೊಬೈಲಲ್ಲಿ ಬರೆದ್ರೆ ಏನಾಗುತ್ತೆ" ಅನ್ನೋರಿಗೆ: 2024ರ ಜುಲೈಯಲ್ಲಿ ನಮ್ಮ ರಾಜ್ಯದಲ್ಲಿ ಐಟಿ ಕೆಲಸದ ದಿನವನ್ನ 14 ಗಂಟೆವರೆಗೆ ಎಳೆಯೋ ಪ್ರಸ್ತಾವ ಬಂತು. ಐಟಿ ನೌಕರರ ಸಂಘ ಕೆಐಟಿಯು ಬಹಿರಂಗವಾಗಿ ವಿರೋಧಿಸ್ತು. ಆ ಸುದ್ದಿ ಎಷ್ಟೋ ಜನರಿಗೆ ಮುಟ್ಟಿದ್ದು ಇದೇ ಫೋನಲ್ಲಿ. ನಾಲ್ಕು ಜನರ ಮುಂದೆ ದೂರು ಹೇಳೋದು ನಮ್ಮೂರಿಗೆ ಹೊಸದೂ ಅಲ್ಲ. 1368ರಲ್ಲಿ ಜೈನರು ತಮಗಾಗ್ತಿದ್ದ ತೊಂದರೆಯನ್ನ ಬುಕ್ಕರಾಯನ ಮುಂದೆ ಇಟ್ರು. ಶ್ರೀವೈಷ್ಣವರಿಗೂ ಜೈನರಿಗೂ ಭೇದ ಇಲ್ಲ ಅಂತ ತೀರ್ಪಾಯ್ತು. ಅದನ್ನ ಶ್ರವಣಬೆಳಗೊಳದಲ್ಲೂ ನಮ್ಮ ಕಲ್ಯದಲ್ಲೂ ಕಲ್ಲಲ್ಲಿ ಕೊರೆಸಿದ್ರು. ನಾಳೆ ಯಾರೂ "ನಾನು ಹಾಗೆ ಹೇಳೇ ಇಲ್ಲ" ಅನ್ನಬಾರದು ನೋಡಿ. ಆಫೀಸ್ ಗ್ರೂಪಲ್ಲಿ ಮಾತ್ರ "ಡಿಲೀಟ್ ಫಾರ್ ಎವ್ರಿಒನ್" ಇದೆ.

6/7
"ಹಾಗಾದ್ರೆ ರೀಲ್ಸ್ ಒಳ್ಳೇದಾ?" ನಾನು ಹಾಗೆ ಹೇಳಿಲ್ಲ. ಆ್ಯಪ್ ಕಂಪನಿಗೆ ನಮ್ಮ ಕಣ್ಣೇ ಬಂಡವಾಳ, ಬೆರಳು ನಿಲ್ಲದ ಹಾಗೇ ಅದನ್ನ ಕಟ್ಟಿರ್ತಾರೆ. ಆದ್ರೆ ರೀಲ್ಸ್ ಬೇಡ ಅನಿಸಿದ್ರೆ ಮುಚ್ಚಬಹುದು. ಬಾಸ್ ಇರೋ ಗ್ರೂಪಿಂದ ಎಕ್ಸಿಟ್ ಆಗಿ ನೋಡಿ!
"ಕೆಲಸ ಬೇಕಂದ್ರೆ ಅಡ್ಜಸ್ಟ್ ಮಾಡ್ಕೋಬೇಕಪ್ಪ" ಅನ್ನೋ ಮಾಮಂದಿರಿಗೆ: ಹೊಲದಲ್ಲಿ ಕೂಲಿಯವರನ್ನ ಒಂದು ಗಂಟೆ ಜಾಸ್ತಿ ನಿಲ್ಲಿಸ್ಕೊಂಡ್ರೆ ಸುಮ್ನೆ ನಿಲ್ತಾರಾ? ಕೇಳೇ ಕೇಳ್ತಾರೆ. ಕೇಳೋದು ಸರಿ ಕೂಡ. ಐಡಿ ಕಾರ್ಡ್ ಹಾಕ್ಕೊಂಡವರು ಕೇಳಿದ್ರೆ ಮಾತ್ರ ಸೊಕ್ಕು ಹೇಗಾಗುತ್ತೆ?

7/7
ಫ್ರಾನ್ಸಲ್ಲಿ 2017ರಿಂದ, ಆಸ್ಟ್ರೇಲಿಯಾದಲ್ಲಿ 2024ರ ಆಗಸ್ಟಿಂದ, ಕೆಲಸ ಮುಗಿದ ಮೇಲೆ ಆಫೀಸಿಂದ ಕಳಚಿಕೊಳ್ಳೋ ಹಕ್ಕು ಕಾನೂನಲ್ಲೇ ಇದೆ. ನಾವೂ ಅದನ್ನೇ ಕೇಳೋಣ. ಟೈಮ್ ಮುಗಿದ ಮೇಲೆ ಮೆಸೇಜ್ ಬೇಡ. ಬಂದ್ರೆ ಅದು ಓವರ್‌ಟೈಮ್, ದುಡ್ಡು ಕೊಡಿ.
ಮನೇಲಿರೋರು ಒಂದೇ ಕೆಲಸ ಮಾಡಿ. ಇವತ್ತು ರಾತ್ರಿ ಮಗಳು ಫೋನ್ ಹಿಡಿದ್ರೆ ಬೈಯೋಕೆ ಮುಂಚೆ "ಯಾರಮ್ಮ ಅದು, ಇಷ್ಟೊತ್ತಲ್ಲಿ?" ಅಂತ ಕೇಳಿ.
ಕೆಲಸಕ್ಕೆ ಹೋಗೋರು ಕೆಳಗೆ ಬರೀರಿ. ಕಂಪನಿ ಹೆಸರು ಬೇಡ, ಟೈಮ್ ಸಾಕು: ನಿನ್ನೆ ಆಫೀಸಿನ ಕೊನೇ ಮೆಸೇಜ್ ಎಷ್ಟೊತ್ತಿಗೆ ಬಂತು?

#ಕಲ್ಯ #ಮಾಗಡಿ #ಆಫೀಸ್‌ಗ್ರೂಪ್ #ಓವರ್‌ಟೈಮ್